ಅತ್ತೆ ಒಳಗೆ, ಪೆಟ್ಟಿಗೆ ಹೊರಗೆ

ಅತ್ತೆ ಬಚ್ಚಲುಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಗೊತ್ತಾದಾಗ ನನ್ನ ಜೀವ ಬಾಯಿಗೆ ಬಂತು. ಒಳಗಿನ ಚಿಲಕ ಕಚ್ಚಿಕೊಂಡು ಅಲುಗಾಡುತ್ತಿರಲಿಲ್ಲ. ಹೋದ ತಿಂಗಳಷ್ಟೇ ಅವರು ತಲೆ ತಿರುಗಿ ಬಿದ್ದಿದ್ದರು. ಬೇಕಾದಾಗ ನನ್ನ ಗಂಡ ಯಾವತ್ತು ತಾನೇ ಫೋನ್ ಎತ್ತಿದ್ದಾನೆ? ಅವತ್ತೂ ಎತ್ತಲಿಲ್ಲ.

ಪಕ್ಕದ ಮನೆಯ ಡ್ರೈವರ್ ಕೊಡಲಿ ಹಿಡಿದು ಬಂದ. "ಎರಡೇಟಿಗೆ ಒಡೆದುಹಾಕ್ತೀನಿ ಅಕ್ಕಾ."

"ಒಡೀತಾನಂತೆ! ನಿಮ್ಮ ಮಾವ ಮಾಡಿದ ಬಾಗಿಲು ಕಣೇ ಅದು," ಒಳಗಿನಿಂದ ಅತ್ತೆ ಗುಡುಗಿದರು. "ಮೊದಲು ಅವನನ್ನ ಕಳಿಸು. ಪೆಟ್ಟಿಗೆ ತಗೊಂಡು ಬಾ."

ಪೆಟ್ಟಿಗೆ ಎಂದರೆ ಬಡಗಿಯಾಗಿದ್ದ ಮಾವನ ಪೆಟ್ಟಿಗೆ. ಅವರು ತೀರಿಕೊಂಡ ಮೇಲೆ, ಮುಟ್ಟಿದರೆ ಕೈ ಮುರೀತೀನಿ ಎಂದಿದ್ದ ಅತ್ತೆ ಈಗ ತಾವಾಗಿಯೇ ತೆಗೆ ಅನ್ನುತ್ತಿದ್ದಾರೆ! ಮುಚ್ಚಳ ಎತ್ತಿದೆ. ತಲೆಬುಡ ತಿಳಿಯಲಿಲ್ಲ. ಚಪ್ಪಟೆ ಬಾಯಿಯವು, ಹಲ್ಲಿನವು, ತಿರುಪಿನವು. ನನ್ನ ಪಾಲಿಗೆ ಎಲ್ಲವೂ ಒಂದೇ.

"ಬಾಗಿಲ ಕೀಲು ನಿನ್ನ ಕಡೇನೇ ಇದೆ, ಅದರ ಕಡ್ಡೀನ ಕೆಳಗಿಂದ ಬಡಿದು ತೆಗೀಬೇಕು. ಅದಕ್ಕೇ ಒಂದು ಸಾಮಾನಿದೆ," ಎಂದರು ಅತ್ತೆ.

"ಹೇಗಿರುತ್ತೆ ಅತ್ತೆ?"

"ನಾನೆಲ್ಲಿ ನೋಡಿದ್ದೆ? ಅಡುಗೆಮನೇಲಿ ಕೂತು ಕೇಳಿಸಿಕೊಂಡವಳು. ಒಂದೊಂದಾಗಿ ಆಡಿಸು, ಸದ್ದಿನ ಮೇಲೆ ಹೇಳ್ತೀನಿ."

ಒಳ್ಳೆ ಫಜೀತಿ! ತುದಿ ಮೊಂಡಾದ ಗಿಡ್ಡ ಕಬ್ಬಿಣದ ಕಡ್ಡಿಯೊಂದು ಮೊದಲು ಕೈಗೆ ಸಿಕ್ಕಿತು. ಹಲಗೆ ತುಂಡಿನ ಮೇಲೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಟಿಣ್ ಎಂದಿತು. ಒಳಗೆ ಸದ್ದಿಲ್ಲ.

"ಮುಂದಿನದು," ಎಂದರು ಆಮೇಲೆ.

ಚಪ್ಪಟೆ ಬಾಯಿಯದನ್ನು ಹೊಡೆದೆ. "ಅದು ಉಳಿ. ಅದಕ್ಕೆ ಸುತ್ತಿಗೆ ಬೇಡ, ಹಿಡಿ ಸೀಳುತ್ತೆ. ಮರದ ಕೊಡತಿ ಇದೆ ನೋಡು." ಹುಡುಕಿ ಹೊಡೆದೆ. ಅದೂ ಅಲ್ಲವಂತೆ. ಗರಗಸ ಎಳೆದೆ. "ಅಷ್ಟು ಒತ್ತಬೇಡ, ಅದರ ಪಾಡಿಗೆ ಅದು ಹೋಗ್ಲಿ." ಕೀಲು ಬಿಚ್ಚೋಕೆ ಗರಗಸ ಯಾಕೆ ಎಂದು ಕೇಳಿದರೆ, "ನೀನು ಬಡಗೀನಾ?" ಎಂದು ನನ್ನನ್ನೇ ಕೇಳಿದರು. ಹೊಟ್ಟೆಯಲ್ಲಿ ಅಲಗಿರುವ ಮರದ ದಿಮ್ಮಿಯೊಂದನ್ನು ತಳ್ಳಿದೆ. ಕಿರ್ರ್ ಎಂದು ಕಿರುಚಿತು.

"ಅಯ್ಯೋ, ಹತ್ತರಿ ಅದು! ಮರದ ಎಳೆಗೆ ಎದುರು ತಳ್ತಿದ್ದೀಯ. ಹಲಗೆ ತಿರುಗಿಸು."

ತಿರುಗಿಸಿದೆ. ಸರ್ರ್ ಎಂದು ತೆಳ್ಳನೆಯ ಸುರುಳಿ ಎದ್ದಿತು.

"ಇದೇನಾ ಅತ್ತೆ?"

"ಅಲ್ಲ. ಇನ್ನೊಂದ್ಸಲ."

ಅಲ್ಲವಾದರೆ ಇನ್ನೊಂದು ಸಲ ಯಾಕೆ? ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯಿತು ನನಗೆ. ಆದರೂ ತಳ್ಳಿದೆ. ಮತ್ತೆ ಮತ್ತೆ ತಳ್ಳಿದೆ. ಒಳಗೆ ಮಾತಿಲ್ಲ.

"ಅತ್ತೆ? ಅತ್ತೇ! ಬಿದ್ದುಬಿಟ್ರಾ? ಕೊಡಲಿ ತರಿಸ್ತೀನಿ ನಾನು!"

"ಬೇಡ," ಸಣ್ಣ ದನಿ ಬಂತು. "ಮೊದಲು ಹೊಡೆದ್ಯಲ್ಲ ಗಿಡ್ಡದು. ಅದೇ."

ಅದನ್ನು ಕೆಳಗಿಂದ ಇಟ್ಟು ಬಡಿದೆ. ಕೀಲುಗಳ ಕಡ್ಡಿಗಳು ಒಂದೊಂದಾಗಿ ಮೇಲೆದ್ದು ಬಿದ್ದವು, ಬಾಗಿಲು ಕಳಚಿತು. ಅತ್ತೆ ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು. ನನಗೆ ಮೈಯೆಲ್ಲ ಉರಿ.

"ಮೊದಲನೇದೇ ಅಂತ ಗೊತ್ತಿದ್ದೂ ಇಷ್ಟೊತ್ತು ಕುಣಿಸಿದ್ರಾ? ನಾನಿಲ್ಲಿ ಸತ್ತು ಸತ್ತು ಹುಟ್ತಿದ್ದೆ!"

ಅತ್ತೆ ಪೆಟ್ಟಿಗೆಯ ಪಕ್ಕ ಕೂತರು. "ಅವರು ಹೋದ್ಮೇಲೆ ಈ ಮನೇಲಿ ಆ ಸದ್ದೇ ಇರ್ಲಿಲ್ಲ ಕಣೇ. ಒಳಗಿದ್ದಾಗ, ಅವರೇ ಹೊರಗಡೆ ಕೆಲಸ ಮಾಡ್ತಿದ್ದಾರೆ ಅನ್ನಿಸಿತು. ಬಾಗಿಲು ತೆಗೆದ್ರೆ ನೀನಿರ್ತೀಯಲ್ಲಾ."

ಹಲಗೆಯನ್ನು ಮತ್ತೆ ಎಳೆದುಕೊಂಡೆ. "ಯಾವುದು ಬೇಕು?"

"ಹತ್ತರಿ," ಎಂದು ಅತ್ತೆ ಕಣ್ಣು ಮುಚ್ಚಿದರು. "ಎಳೆ ನೋಡಿ ತಳ್ಳು, ಮತ್ತೆ ಕಿರುಚಿಸಬೇಡ. ಅವರು ಕಿರುಚಿಸ್ತಿರ್ಲಿಲ್ಲ."