ಸೊನ್ನೆ ಬಂದ ಲೆಕ್ಕ

ವಾಡಿ ಗೂಡ್ಸ್ ಶೆಡ್ಡಿನ ಹಮಾಲರದೊಂದು ಕಟ್ಟಳೆ. ಮಾಲು ಇಳಿಸಿ ಗೂಡ್ಸ್ ರೈಲಿನ ಖಾಲಿ ಡಬ್ಬಿಯೊಳಗೆ ಅಡ್ಡಾಗುವವನು ಅದರ ನಂಬರನ್ನು ಜೋಡಿದಾರನಿಗೆ ಹೇಳಿಯೇ ಅಡ್ಡಾಗಬೇಕು. ಭೀಮಶ್ಯಾನೂ ಹೇಳಿದ್ದ. ಆದರೆ ಜೋಡಿದಾರ ಅಲ್ಲಾವುದ್ದೀನ ಉಂಡು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಬಾಗಿಲು ಜಡಿದಿದ್ದರು, ಗಾಡಿಯೂ ಹೊರಟುಹೋಗಿತ್ತು. ಮೇ ತಿಂಗಳ ಮಧ್ಯಾಹ್ನ, ಕಬ್ಬಿಣದ ಡಬ್ಬಿ. ಒಳಗಿದ್ದವನು ಎಷ್ಟು ಹೊತ್ತು ತಾಳಿಯಾನು?

ಅಲ್ಲಾವುದ್ದೀನ ಯಾರ್ಡ್ ಆಫೀಸಿಗೆ ಓಡಿದ. ಅಲ್ಲಿ ಡಬ್ಬಿಗಳ ನಂಬರು ಬರೆದಿಡುವವಳು ಭೀಮಶ್ಯಾನ ಮಗಳು ಲುಂಬಿನಿ.

"ಮೂರು ಒಂದು ಸೊನ್ನೆ ಒಂಬತ್ತು, ಒಂದು ನಾಕು ಐದು ಮೂರು, ಎರಡು ಏಳು ಏಳು."

"ಖರೇನಾ ಕಾಕಾ?"

"ಅಲ್ಲಾನ ಆಣಿ, ಬೇಟಿ!"

ಲುಂಬಿನಿ ಆಣೆ ನಂಬುವವಳಲ್ಲ, ಲೆಕ್ಕ ನಂಬುವವಳು. ಹನ್ನೊಂದು ಅಂಕಿಯ ಆ ನಂಬರಿಗೊಂದು ಗುಣವಿದೆ. ಎರಡನೆಯದು, ನಾಲ್ಕನೆಯದು, ಹೀಗೆ ಸಮಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಿ, ಉಳಿದವನ್ನು ಸೇರಿಸಿದರೆ ಮೊತ್ತದ ಕೊನೆಗೆ ಸೊನ್ನೆ ಬರಬೇಕು. ಒಂದೇ ಒಂದು ಅಂಕಿ ತಪ್ಪಿದರೂ ಬರುವುದಿಲ್ಲ. ಕೂಡಿದಳು. ತೊಂಬತ್ತು. ರಿಜಿಸ್ಟರಿನಲ್ಲಿ ಆ ಡಬ್ಬಿ ಶಹಾಬಾದಿನ ಕಡೆ ಹೋದ ಗಾಡಿಯಲ್ಲಿತ್ತು. ಗಾಡಿಗಳ ಓಡಾಟ ನೋಡುವ ಕಂಟ್ರೋಲ್ ಆಫೀಸಿಗೆ ಫೋನು ಹಚ್ಚಿದಳು.

"ಆಗಲೇ ವಾಡಿ ಬಿಟ್ಟು ಸೇಡಂ ಕಡಿ ಹೊಂಟ ಗಾಡಿನೂ ಚಿತ್ತಾಪುರದಾಗ ನಿಂತದ. ಅದನ್ನೂ ತೆಗೆಸಿ ನೋಡಿಸ್ಲೇನಮ್ಮ?" ಎಂದರು ಕಂಟ್ರೋಲ್ ಸಾಹೇಬರು.

"ಬ್ಯಾಡ್ರಿ, ಅದನ್ನ ಬಿಟ್ಟುಬಿಡ್ರಿ. ಮಂದಿನ್ನೆಲ್ಲಾ ಶಹಾಬಾದಿನಾಗ ಹಚ್ರಿ. ನಂಬರ್ ತಪ್ಪಿಲ್ರಿ, ಸೊನ್ನೆ ಬಂದದ!"

ಲೆಕ್ಕ ಬಂದವರ ಸೊಕ್ಕು ಹೀಗೆಯೇ. ದೇವರೇ ಅಡ್ಡ ಬಂದರೂ ದಾರಿ ಬಿಡು ಅನ್ನುತ್ತದೆ.

ಹದಿನೈದು ನಿಮಿಷಕ್ಕೆ ಶಹಾಬಾದಿನಿಂದ ಫೋನು ಬಂತು. "ಖಾಲಿ ಅದ ರೀ. ಬರೇ ಧೂಳು."

ಲುಂಬಿನಿ ಕಾಗದ ಎಳೆದುಕೊಂಡಳು. ಮತ್ತೆ ಕೂಡಿದಳು, ಮತ್ತೆ ತೊಂಬತ್ತು. "ಕಾಕಾ, ಇನ್ನೊಮ್ಮೆ ಹೇಳ್ರಿ, ನಿಮ್ಮ ಕಾಲು ಬೀಳ್ತೀನಿ!"

ಅಲ್ಲಾವುದ್ದೀನ ತಲೆ ಹಿಡಿದು ಕುಕ್ಕರಿಸಿದ. "ಎರಡು ಏಳು ಏಳು... ಇಲ್ಲಾಂದ್ರ ಏಳು ಎರಡು ಏಳು... ನೆಪ್ಪು ಹಾರ್ಯಾದವ್ವ!"

ಏಳು ಎರಡು ಏಳು. ಮೊತ್ತ ಎಂಬತ್ತು. ಅದಕ್ಕೂ ಸೊನ್ನೆ! ಐದರ ಅಂತರವಿರುವ ಎರಡು ಅಂಕಿ ಪಕ್ಕಪಕ್ಕದಲ್ಲೇ ಜಾಗ ಬದಲಿಸಿದರೆ ಮೊತ್ತ ಸರಿಯಾಗಿ ಹತ್ತರಷ್ಟು ಸರಿಯುತ್ತದೆ, ಸೊನ್ನೆ ಮಾತ್ರ ಕದಲುವುದಿಲ್ಲ. ಇಷ್ಟು ವರ್ಷ ನಂಬಿದ ಲೆಕ್ಕಕ್ಕೆ ಇಂಥದೊಂದು ಕುರುಡುಗಣ್ಣು ಇದೆಯೆಂದು ಅವಳಿಗೆ ಈಗ ತಿಳಿಯಿತು. ಒಂದೇ ಕಾರ್ಖಾನೆಯಲ್ಲಿ ಒಂದೇ ವರ್ಷ ಹುಟ್ಟಿದ ಆ ಎರಡು ಡಬ್ಬಿ, ರಿಜಿಸ್ಟರಿನ ಪ್ರಕಾರ, ಇವತ್ತು ವಾಡಿಯಲ್ಲೇ ಅಗಲಿದ್ದವು. ಎರಡನೆಯದು ಚಿತ್ತಾಪುರ ದಾಟಿ ಸೇಡಂ ಕಡೆ ಓಡುತ್ತಿತ್ತು.

ಸೇಡಂನಲ್ಲಿ ಗಾಡಿ ತಡೆದು ಬಾಗಿಲು ತೆಗೆಯುವವರೆಗೆ ಅವಳು ಫೋನು ಕಿವಿಯಿಂದ ತೆಗೆಯಲಿಲ್ಲ. ಅಪ್ಪಾ, ಅಪ್ಪಾ ಎನ್ನುತ್ತಲೇ ಇದ್ದಳು.

"ಸಿಕ್ಕಾರಮ್ಮ, ಉಸಿರದ," ಎಂದರು ಅಲ್ಲಿಯ ಸ್ಟೇಷನ್ ಮಾಸ್ತರು. "ದವಾಖಾನಿಗೆ ಒಯ್ಯಲಿಕತ್ತೀವಿ. ಎರಡೂ ಕೈ ಒಡೆದು ರಕ್ತ ಆಗ್ಯಾವ. ಚಿತ್ತಾಪುರದಾಗ ಗಾಡಿ ನಿಂತಾಗ ಭಾಳ ಹೊತ್ತು ಬಾಗಿಲು ಬಡದೆ, ಯಾರೂ ಬರಲಿಲ್ಲ ಅನ್ನಾಕತ್ತಾರ. ಯಾಕ ಬಿಟ್ರಂತಮ್ಮ ಅಲ್ಲಿಂದ ಗಾಡಿ?"

"ನಾನೇ ಬಿಡ್ರಿ ಅಂದೆ," ಎಂದಳು ಲುಂಬಿನಿ.