ಮಜ್ಜಿಗೆ ಮಡಕೆಗೆ ಕ್ಯಾಪ್ಸೂಲ್ ಪುಡಿ

ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಚನ್ನಯ್ಯನ ಗಾಡಿಯ ಮಸಾಲೆ ಮಜ್ಜಿಗೆಗೆ ಬೇಸಿಗೆಯಲ್ಲಿ ಜನ ಮುಗಿಬೀಳುತ್ತಿದ್ದರು. ನೀರು ಮಾತ್ರ ನೇರ ಹೊಳೆಯದು. ಹೆಂಡತಿ ಸಾಕಮ್ಮ ಕಾಯಿಸು ಎಂದರೆ ಸಿಡುಕುತ್ತಿದ್ದ.

“ಸಂಗಮದ ನೀರು ಕಣಮ್ಮಿ. ಅದ್ಕೆಂಥ ಮೈಲಿಗೆ?”

2004ರ ಬೇಸಿಗೆಯಲ್ಲಿ ಕುಡಿದವರ ಹೊಟ್ಟೆ ಕೆಟ್ಟು ಗಲಾಟೆಯಾಯಿತು. ಆಗಲೂ ಈ ಮಹಾನುಭಾವ ಒಲೆ ಹಚ್ಚಲಿಲ್ಲ. ಭೇದಿಯ ಕ್ರಿಮಿ ಕೊಲ್ಲುವ ಆಂಟಿಬಯಾಟಿಕ್ ಕ್ಯಾಪ್ಸೂಲ್‌ಗಳನ್ನು ಔಷಧಿ ಅಂಗಡಿಯಿಂದ ಬಿಡಿಯಾಗಿ ತಂದು, ದಿನಕ್ಕೆರಡು ಬಿಚ್ಚಿ, ಪುಡಿಯನ್ನು ಮಡಕೆಗೇ ಸುರಿದ. ಕೋಳಿಗಳಿಗೆ ನೀರಿನಲ್ಲಿ ಔಷಧಿ ಬೆರೆಸುವುದಿಲ್ಲವೇ, ಹಾಗೆ. ಸಾಕಮ್ಮನಿಗೂ ಅದು ಜಾಣತನವೆಂದೇ ಕಂಡಿತು.

ಸ್ಕೂಲು ಬಿಟ್ಟ ಮೇಲೆ ದಿನಾ ಅದೇ ಮಜ್ಜಿಗೆ ಕುಡಿಯುತ್ತಿದ್ದ ಮಗಳು ಕೋಮಲ ಜ್ವರ ಬಂದು ಮಲಗಿದಳು. ಒಂಬತ್ತು ದಿನ ಮಾತ್ರೆ ನುಂಗಿದರೂ ಜ್ವರ ಇಳಿಯಲಿಲ್ಲ. ಮೈಸೂರಿನ ಆಸ್ಪತ್ರೆಗೆ ಸೇರಿಸಿ ರಕ್ತ ಪರೀಕ್ಷೆ ಮಾಡಿಸಿದರು. ನೋಡಲು ಬಂದ ಊರಿನ ನರ್ಸ್ ರೋಜಾ ಚೀಟಿ ಓದಿ ತುಟಿ ಕಚ್ಚಿದಳು.

“ಟೈಫಾಯ್ಡ್. ಮಾಮೂಲಿ ಔಷಧಿಗೆ ಈ ಕ್ರಿಮಿ ಜಗ್ತಿಲ್ಲ.”

“ಅದೆಂಗೆ ಸಿಸ್ಟರ್?” ಎಂದ ಚನ್ನಯ್ಯ. “ಕ್ರಿಮಿ ಸಾಯ್ಲಿ ಅಂತ್ಲೇ ನಾವು ಮಜ್ಜಿಗೆಗೆ ಕ್ಯಾಪ್ಸೂಲ್ ಆಕ್ತಿದ್ವಲ್ಲ.”

ರೋಜಾಳ ಮುಖ ಕೆಂಪಾಯಿತು. “ಅರೆಬರೆ ಔಷಧಿಗೆ ಬಡಕಲು ಕ್ರಿಮಿ ಸಾಯ್ತವೆ ಕಣಣ್ಣ. ಗಟ್ಟಿ ಕ್ರಿಮಿ ಉಳ್ಕೊಂಡು ಮರಿ ಆಕ್ತವೆ. ಆಮೇಲೆ ಪೂರ್ತಿ ಕೊಟ್ರೂ ಔಷಧಿ ನಾಟಲ್ಲ. ನೀವು ಊರೋರ ಹೊಟ್ಟೇಲೆಲ್ಲ ಅಂಥ ತಳಿ ಸಾಕ್ತಿದ್ದೀರ.”

“ಇವ್ಳಿಗೆ ನಮ್ ಮಡ್ಕೆಯಿಂದ್ಲೇ ಬಂತಾ?” ಎಂದಳು ಸಾಕಮ್ಮ.

“ಅದ್ನ ಯೋಳಕಾಗಲ್ಲ. ಅಲ್ಲಿಂದ ಬಂದಿಲ್ಲ ಅಂತ ನೀನು ಆಣೆ ಮಾಡ್ತೀಯಾ?”

ಸಾಕಮ್ಮನಿಗೆ ಗಂಡನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದದ್ದೇ ಹೆಚ್ಚಾಗಿತ್ತು.

ಎರಡು ವಾರ ಬೇರೆ ಇಂಜೆಕ್ಷನ್ ಚುಚ್ಚಿಸಿಕೊಂಡು ಕೋಮಲ ಬದುಕಿಕೊಂಡಳು. ಸಾಕಮ್ಮನ ಜೊತೆ ಊರಿಗೆ ಬಂದು ಬಸ್ಸಿಳಿದವಳು ಗಾಡಿಯ ಹತ್ತಿರ ಹೋಗಿ ಕೈ ಚಾಚಿದಳು. “ಅಪ್ಪ, ಒಂದ್ ಲೋಟ ಕೊಡು.”

ಚನ್ನಯ್ಯ ಕ್ಯಾಪ್ಸೂಲ್ ಬಿಟ್ಟಿದ್ದ. ನೀರು ಇನ್ನೂ ಹೊಳೆಯದೇ. ಅವನ ಕೈ ಮುಂದೆ ಬರಲಿಲ್ಲ. “ನಿಂಗ್ ಬ್ಯಾಡ ಕಣವ್ವ. ಮನೇಲಿ ಕುಡಿ.”

ಸಾಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ನಿನ್ ಮಗ್ಳಿಗೆ ಬ್ಯಾಡದ್ದು ಊರ್ ಮಕ್ಳಿಗೆ ಬೇಕಾ?” ಎನ್ನುತ್ತ ಇಡೀ ಮಡಕೆಯನ್ನು ಚರಂಡಿಗೆ ಬಗ್ಗಿಸಿದಳು. ಮಾರನೆಯ ಬೆಳಿಗ್ಗೆ ಚನ್ನಯ್ಯನೇ ಸೌದೆ ಒಟ್ಟಿ ನೀರು ಕುದಿಸಿದ.

ಅಕ್ಕಂದಿರೇ, ಅಣ್ಣಂದಿರೇ, ಗಾಡಿಯ ಮುಂದೆ ನಿಂತಾಗ ನೀರು ಕಾಯಿಸಿದ್ದೀರಾ ಎಂದು ಕೇಳಲು ನಾಚಬೇಡಿ. ಡಾಕ್ಟರ ಚೀಟಿಯಿಲ್ಲದೆ ಕ್ಯಾಪ್ಸೂಲ್ ಕೊಳ್ಳಬೇಡಿ. ಅವರು ಬರೆದುಕೊಟ್ಟದ್ದನ್ನು, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ. ಮಾರುವವರೇ, ನಿಮ್ಮ ಮಗುವಿಗೆ ಕೊಡಲಾರದ ಲೋಟವನ್ನು ಇನ್ನೊಬ್ಬರ ಮಗುವಿನ ಕೈಗೆ ಕೊಡಬೇಡಿ.