ಹಲಗೆ ತೆಗೆದ ಎಂಟು ದಿನ

ಹೊಳೆಯಲ್ಲಿ ನೀರಿದೆ ಎಂದು ನಂಬಿಕೆಯ ಮೇಲೆ ಹೇಳಬೇಕಾಗಿತ್ತು, ಕಣ್ಣಿಗಂತೂ ಕಾಣುತ್ತಿರಲಿಲ್ಲ. ಬಾರ್ಕೂರಿನ ಈ ದಡದಿಂದ ಆ ದಡದವರೆಗೂ ಅಂತರಗಂಗೆಯ ಕಳೆ ಹಬ್ಬಿ, ನಾಯಿಯೊಂದು ಅದನ್ನು ಗದ್ದೆಯೆಂದೇ ತಿಳಿದು ಹಾರಿ ಮುಳುಗೆದ್ದು ಬಂದಿತ್ತು. ಹೂ ಬಿಟ್ಟಾಗ ನೋಡಲು ಚೆಂದ, ನೇರಳೆ ಬಣ್ಣ. ಹೆದ್ದಾರಿಯಿಂದ ಇಳಿದು ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಅವರೇನು ಇಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗಬೇಕೇ?

ತೆಗೆಯುವ ಕೆಲಸ ನಡೆಯದೇ ಇರಲಿಲ್ಲ. ಊರವರು ಎರಡು ಭಾನುವಾರ ಸೊಂಟಮಟ್ಟ ನೀರಿಗಿಳಿದು, ಕೊಕ್ಕೆ ಹಾಕಿ ಎಳೆದು, ದಡದಲ್ಲಿ ರಾಶಿ ಹಾಕಿದರು. ಆಮೇಲೆ ಯಂತ್ರ ಬಂತು, ಎರಡು ದಿನ ಸದ್ದು ಮಾಡಿತು, ಹೋಯಿತು. ಎಲ್ಲೋ ಉಳಿದ ಬೇರಿನ ತುಂಡುಗಳು ಇಪ್ಪತ್ತು ದಿನದಲ್ಲಿ ಹೊಳೆಯನ್ನು ಮತ್ತೆ ಮುಚ್ಚಿದವು. ಪಂಪಿನ ಬಾಯಿಗೆ ಬೇರು ಸಿಕ್ಕಿಕೊಂಡು ಈ ವರ್ಷ ಸುಗ್ಗಿ ಬೆಳೆಯನ್ನೇ ಯಾರೂ ಮಾಡಲಿಲ್ಲ. ಕೊನೆಗೆ ಉಪಾಯ ಹೇಳಿದ್ದು ಕಿಂಡಿ ಅಣೆಕಟ್ಟಿಗೆ ವರ್ಷವರ್ಷವೂ ಹಲಗೆ ಹಾಕುವ ಸೋಮ.

“ಈ ಕಳಿಗೆ ಉಪ್ಪ್ ಅಂದ್ರೆ ಆತಿಲ್ಲೆ. ಅಮಾಸಿ ಭರ್ತಕ್ಕೆ ಹಲ್ಗಿ ತೆಗ್ದ್ ಸಮುದ್ರದ್ ನೀರ್ ಒಳ್ಗ್ ಬಿಡುವ. ಎಂಟ್ ದಿನ ಸಾಕ್.”

ಮಾತು ಸರಿ. ಅಮಾವಾಸ್ಯೆಯ ಭರತವೆಂದರೆ ದೊಡ್ಡ ಉಬ್ಬರ. ಹಲಗೆ ಇರುವುದೇ ಉಪ್ಪುನೀರು ಮೇಲೇರದಂತೆ ತಡೆಯಲು. ಆ ಸಿಹಿನೀರಿನಲ್ಲೇ ಕಳೆ ಕೊಬ್ಬಿದ್ದು. ತೊಂದರೆ ಒಂದೇ. ಹೊಳೆಯಿಂದ ಹತ್ತೇ ಹೆಜ್ಜೆ ದೂರದ ಜಲಜಳ ಬಾವಿಗೆ ಉಪ್ಪು ಇಳಿಯುತ್ತದೆ, ಇಳಿದರೆ ಮಳೆಗಾಲದವರೆಗೂ ಹೋಗುವುದಿಲ್ಲ. ಉಳಿದವರ ಬಾವಿಗಳೆಲ್ಲ ಮೇಲೆ ದಿಬ್ಬದಲ್ಲಿವೆ. ಹಾಗಾಗಿ ಹೊಳೆ ಸಮಿತಿಯ ಬಾಲಚಂದ್ರ ಕಾಗದ ಹಿಡಿದು ಅವಳ ಜಗಲಿಗೆ ಬಂದ.

“ಜಲಜಕ್ಕ, ನೀವ್ ಒಪ್ರೆ ಮಾತ್ರ. ಇಲ್ದಿರೆ ಬೇರೆ ಎಂತಾರೂ ಕಾಂಬ.”

ಅರವತ್ತೆರಡರ ಜಲಜ ಕನ್ನಡಕ ಕೂಡ ಹುಡುಕಲಿಲ್ಲ. “ಪೆನ್ನ್ ಕೊಡ್,” ಎಂದಳು.

ಒಳಗಿನಿಂದ ಸೊಸೆ ಚೇತನಾ ಓಡಿಬಂದಳು. “ಅತ್ತೆ, ನಿಮ್ಗ್ ಮರ್ಲಾ? ಕುಡೂಕೆ ನೀರಿಗ್ ಎಲ್ಲಿಗ್ ಹೋಪುದ್ ಇನ್ನ್?”

“ಅಷ್ಟ್ ವರ್ಷ ಹೊತ್ತಿದ್ದೆ. ಇನ್ನ್ ನಾಲ್ಕ್ ತಿಂಗ್ಳ್ ಹೊತ್ರೆ ಸಾಯುದಿಲ್ಲೆ.”

ಬಾಲಚಂದ್ರ ಅವಳ ದೊಡ್ಡ ಮನಸ್ಸನ್ನು ಹೊಗಳುತ್ತಾ ಹೋದ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಜಲಜಳಿಗೆ ಬೇಕಾಗಿದ್ದವಳು ಗೋಪಿ.

ಗೋಪಿಯ ಮನೆ ಮೊದಲು ಎದುರು ದಡದಲ್ಲಿತ್ತು. ಮೂವತ್ತು ವರ್ಷ ಅವರಿಬ್ಬರೂ ಇಳಿತದ ಹೊತ್ತಿಗೆ ಎದೆಮಟ್ಟ ಉಪ್ಪುನೀರಿನಲ್ಲಿ ನಿಂತು ಮಳಿ, ಅಂದರೆ ಕೆಸರಿನ ಚಿಪ್ಪುಮೀನು, ಹೆಕ್ಕಿ ಮಾರಿದವರು. ಕಾಲ್ಬೆರಳಲ್ಲಿ ಕೆಸರು ತಡಕುವುದು, ಚಿಪ್ಪು ಸಿಕ್ಕಿದರೆ ಮುಳುಗಿ ಎತ್ತುವುದು, ಎದ್ದವಳು ಅರ್ಧಕ್ಕೆ ಬಿಟ್ಟ ಮಾತನ್ನು ಮುಂದುವರಿಸುವುದು. ಹೆರಿಗೆಯ ಸುದ್ದಿ, ಗಂಡಂದಿರ ದೂರು, ಅತ್ತೆಯರ ಅಣಕ ಎಲ್ಲವೂ ನೀರಿನಲ್ಲೇ. ಅವರಲ್ಲೊಂದು ಕ್ರಮವೂ ಇತ್ತು. ಒಬ್ಬಳ ಮನೆಯೆದುರಿನ ಮಳಿಯನ್ನು ಇನ್ನೊಬ್ಬಳು ಕರೆಯದೆ ಬಂದು ಮುಟ್ಟುವಂತಿಲ್ಲ. ಗೋಪಿ ದೋಣಿಯನ್ನು ನಡುಹೊಳೆಯಲ್ಲಿ ನಿಲ್ಲಿಸಿ ಕಾಯುವಳು, ಜಲಜ ದಡದಿಂದ “ಹ್ವಾಯ್!” ಎಂದ ಮೇಲೆಯೇ ಈಚೆ ಬರುವಳು. ಒಮ್ಮೆ ಜಲಜ ನಿದ್ದೆ ಹೋಗಿದ್ದಾಗ ಅರ್ಧ ಗಂಟೆ ಬಿಸಿಲಲ್ಲಿ ಕಾದು ಬರಿಗೈಯಲ್ಲಿ ಹಿಂದಿರುಗಿದ್ದಳು. ಅಷ್ಟು ಬಿಗುಮಾನದ ಹೆಂಗಸು.

ಕಿಂಡಿ ಅಣೆಕಟ್ಟು ಬೇಕೆಂಬ ಅರ್ಜಿ ಬಂದಾಗ ಮೊದಲ ಸಹಿ ಜಲಜಳದ್ದು. ಮದುವೆಯಾಗಿ ಬಂದ ದಿನದಿಂದ ಉಪ್ಪು ಬಾವಿಯ ಮನೆಯಲ್ಲಿ ಬಾಳಿ, ಕುಡಿಯುವ ನೀರನ್ನು ದಿಬ್ಬದಾಚೆಯಿಂದ ಹೊತ್ತವಳು. ಸಾಯುವ ಮೊದಲು ಸ್ವಂತ ಬಾವಿಯ ನೀರು ಕುಡಿಯಬೇಕೆಂಬ ಆಸೆ ತಪ್ಪೇ? ಅಣೆಕಟ್ಟಾಯಿತು. ಬಾವಿ ಸಿಹಿಯಾಯಿತು. ಉಪ್ಪಿಲ್ಲದೆ ಮಳಿ ಸತ್ತವು.

“ನಿನ್ನ ಬಾಮಿ ಸೀ ಆಪುಕೆ ನನ್ನ ಹೊಟ್ಟಿ ಮೇಲ್ ಹಲ್ಗಿ ಹಾಕ್ದ್ಯಾ?” ಎಂದಳು ಗೋಪಿ. “ಉಪ್ಪ್ ನೀರ್ ನಿನ್ನ ದಡಕ್ಕ್ ಬಂದ್ ದಿನ ಬತ್ತೆ ಕಾಣ್. ಅಲ್ಲಿವರಿಗೆ ಇಲ್ಲೆ.”

ಅಷ್ಟು ಹೇಳಿ ಅಣೆಕಟ್ಟಿನ ಕೆಳಗೆ ಹೊಳೆಯ ನಡುಗಡ್ಡೆಯಾದ ಕುದ್ರುವಿಗೆ, ತಂಗಿಯ ಮನೆಗೆ ಹೋದಳು. ಅಲ್ಲಿ ಈಗಲೂ ಮಳಿ ಸಿಗುತ್ತದೆ. ಒಂಬತ್ತು ವರ್ಷವಾಯಿತು. ಮಳೆಗಾಲದಲ್ಲಿ ಹಲಗೆ ತೆಗೆದರೂ ಬರುವುದು ಕೆಂಪು ಮಳೆನೀರು. ಮಳೆ ನಿಂತು ಉಪ್ಪು ಮೇಲೇರುವ ಹೊತ್ತಿಗೆ ಹಲಗೆ ಮತ್ತೆ ಬಿದ್ದಿರುತ್ತದೆ. ಕುದ್ರು ದೂರವೇನಲ್ಲ, ಸೇತುವೆ ದಾಟಿದರೆ ಆಟೋದಲ್ಲಿ ಹತ್ತು ನಿಮಿಷ. ಆದರೆ ಹಟಕ್ಕೆ ಆಟೋ ಹತ್ತಿ ಗೊತ್ತಿಲ್ಲ. ಒಮ್ಮೆ ಹಟ್ಟಿಯಂಗಡಿಯಲ್ಲಿ ಮದುವೆಯೂಟಕ್ಕೆ ಒಂದೇ ಸಾಲಿನಲ್ಲಿ ಕುಳಿತು, ಪಾಯಸ ಮುಗಿಯುವವರೆಗೂ ಇಬ್ಬರೂ ಬೇರೆ ಬೇರೆ ಕಡೆ ನೋಡಿದ್ದರು. ಮನೆಗೆ ಬಂದು ಜಲಜ ಅತ್ತಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಸೋಮ ಹಲಗೆ ಎತ್ತಿಸಿದ. ಭರತದ ನೀರು ಕಳೆಯ ಅಡಿಯಲ್ಲಿ ನುಗ್ಗಿ, ಇಡೀ ಹಸಿರು ಚಾಪೆ ಮೆಲ್ಲಗೆ ಮೇಲೆದ್ದಿತು. ಜಲಜ ದಡದಲ್ಲಿ ಬಗ್ಗಿ ಬೆರಳು ಅದ್ದಿ ನೆಕ್ಕಿದಳು. ಅದೇ ಉಪ್ಪು. ಒಂಬತ್ತು ವರ್ಷದಿಂದ ತನಗೆ ಇಷ್ಟೊಂದು ಬೇಕಾಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಅಟ್ಟದಲ್ಲಿದ್ದ ಗೋಪಿಯ ಹಳೆಯ ಬುಟ್ಟಿ ಇಳಿಸಿ ತೊಳೆದಳು. ದಡದ ಮೆಟ್ಟಿಲಿನ ಪಾಚಿ ಕೆರೆದಳು. ಕುಳಿತಳು. ಮೂರನೆಯ ದಿನ ಎಲೆಗಳ ಅಂಚು ಕಂದಿತು. ಐದನೆಯ ದಿನ ಕಳೆ ಕೊಳೆತು, ಇಳಿತದೊಂದಿಗೆ ದೊಡ್ಡ ದೊಡ್ಡ ತುಂಡುಗಳಾಗಿ ಸಮುದ್ರದ ದಾರಿ ಹಿಡಿಯಿತು. ನಡುವೆ ನೀರು ಕಂಡಿತು, ನೀರಿನಲ್ಲಿ ಆಕಾಶ ಕಂಡಿತು, ದೋಣಿ ಮಾತ್ರ ಕಾಣಲಿಲ್ಲ. ಅಂದೇ ಬೆಳಿಗ್ಗೆ ಚಾ ಉಪ್ಪಾಯಿತು. ಚೇತನಾ ಲೋಟ ಕುಕ್ಕಿ ಕೊಡ ಎತ್ತಿಕೊಂಡು ದಿಬ್ಬದ ಕಡೆ ನಡೆದಳು. ಜಲಜ ಆ ಚಾವನ್ನು ಪೂರ್ತಿ ಕುಡಿದಳು. ಗೋಪಿ ಮಾತಿಗೆ ತಪ್ಪುವವಳಲ್ಲ ಎಂದುಕೊಂಡಳು. ಏಳನೆಯ ದಿನ, ಬಹುಶಃ ಮರೆತಿದ್ದಾಳೆ ಎಂದುಕೊಂಡಳು. ಆ ಯೋಚನೆ ಸಿಟ್ಟಿಗಿಂತ ಹೆಚ್ಚು ನೋಯಿಸಿತು.

ಎಂಟನೆಯ ದಿನ ಅಣೆಕಟ್ಟಿನ ಕಡೆಯಿಂದ ಮರಕ್ಕೆ ಮರ ಬಡಿಯುವ ಸದ್ದು ಕೇಳಿದ್ದೇ ಜಲಜ ಚಪ್ಪಲಿ ಮರೆತು ಓಡಿದಳು. ಸೋಮ ಒಂದು ಕಿಂಡಿ ಬಿಟ್ಟು ಉಳಿದೆಲ್ಲಕ್ಕೂ ಹಲಗೆ ಇಳಿಸಿಯಾಗಿತ್ತು.

“ಸೋಮ, ಇನ್ನೊಂದ್ ದಿನ ಬಿಡುಕಾತ್ತಾ?”

“ಎಂತಕ್ಕೆ ಜಲಜಕ್ಕ? ಕಳಿ ಸತ್ತಿತ್ತಲೆ.”

ಸುಳ್ಳು ಹೇಳಲು ಉಸಿರೇ ಇರಲಿಲ್ಲ. “ಗೋಪಿ ಬರ್ಲಿಲ್ಲ.”

ಸೋಮ ಅವಳ ಮುಖವನ್ನೇ ನೋಡಿದ. “ಬರ್ಲಿಲ್ಲ್ಯಾ? ಎಂಟ್ ದಿನವೂ ಭರ್ತದ್ ಹೊತ್ತಿಗೆ ಬಂದ್, ಇಲ್ಲೇ ಕಿಂಡಿ ಕೆಳ್ಗ್ ದೋಣಿ ನಿಲ್ಸಿ ಕೂಕಂತ್ರ್. ಇಳ್ತಕ್ಕೆ ವಾಪಸ್ ಹೋತ್ರ್. ಒಳ್ಗ್ ಹೋಯ್ನಿ ಅಂದ್ರೆ, ಕರೀದೇ ಹ್ಯಾಂಗ್ ಹೋಪುದ್ ಅಂತ್ರ್. ಈಗ್ಳೂ ಇದ್ರ್ ಕಾಣಿ.”

ಜಲಜಳ ಕೈ ಹಣೆಗೆ ಹೋಯಿತು. ಬಾವಿ ಕೊಟ್ಟಳು, ಬುಟ್ಟಿ ತೊಳೆದಳು, ಮೆಟ್ಟಿಲು ಕೆರೆದಳು. ಕರೆಯಬೇಕಾದವಳು ತಾನು ಎಂಬುದನ್ನೇ ಮರೆತು ಎಂಟು ದಿನ ಬಾಯಿ ಮುಚ್ಚಿ ಕೂತಿದ್ದಳು.

ಕಟ್ಟೆಯಿಂದ ಬಗ್ಗಿ ನೋಡಿದಳು. ಕೆಳಗೆ ಕಂಬಕ್ಕೆ ಹಗ್ಗ ಸುತ್ತಿದ ಸಣ್ಣ ದೋಣಿ. ಈ ಕಡೆ ಬೆನ್ನು ಹಾಕಿ ಕುಳಿತವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳ ಕಾಲ ಬಳಿ ಬಾಳೆಯೆಲೆ ಮುಚ್ಚಿದ ಒಂದು ಕೊಡ.

ಜಲಜ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದಳು.

“ಹ್ವಾಯ್!”

ಗೋಪಿ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಕಂಬದ ಹಗ್ಗ ಬಿಚ್ಚಿ, ಹುಟ್ಟು ಕೈಗೆತ್ತಿಕೊಂಡ ಮೇಲೆಯೇ ತಲೆಯೆತ್ತಿದಳು.

“ಎಂಟ್ ದಿನ್ದಿಂದ ನಿನ್ನ ಮನಿಗ್ ಕುಡೂಕೆ ಸೀ ನೀರ್ ಹೊತ್ಕಂಡ್ ಬಪ್ಪುದ್, ಹೊತ್ಕಂಡ್ ಹೋಪುದ್. ಗಂಟ್ಲ್ ಕಟ್ಟಿತ್ತಾ ನಿಂಗೆ?”

ಸೋಮ ಎತ್ತಿದ್ದ ಹಲಗೆಯನ್ನು ಪಕ್ಕಕ್ಕಿಟ್ಟು, ದೋಣಿ ಒಳಗೆ ಹೋಗಲಿ ಎಂದು ಕಾದ.